ಯಾರು ಬರೆದದ್ದು ಈ ಬೋರ್ಡು?

ಅಮಾವಾಸ್ಯೆಯ ಹಿಂದಿನ ದಿನ ಉಕ್ಕಡಗಾತ್ರಿಯ ದಾರಿ ಹಿಡಿದರೆ ಫ್ಲೆಕ್ಸುಗಳು ಎದುರಾಗುತ್ತವೆ. ಶುಭ ಕೋರುವವರ ಸಾಲು ಸಾಲು ಮುಖ, ಕರಿಬಸವೇಶ್ವರ ಅಜ್ಜಯ್ಯನ ಚಿತ್ರ, ಸ್ವಾಗತದ ದಪ್ಪಕ್ಷರ. ನನ್ನ ಕಣ್ಣು ಮಾತ್ರ ಮೊದಲು ಕೆಳಮೂಲೆಗೆ ಹೋಗುತ್ತದೆ. ಅಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಅಂಗಡಿಯ ಹೆಸರು, ಒಂದು ಮೊಬೈಲ್ ನಂಬರು ಇರುತ್ತದೆ. ಫ್ಲೆಕ್ಸಿಗೆ ದುಡ್ಡು ಕೊಟ್ಟವರು ಅದನ್ನು ಹಾಕು ಎಂದಿರುವುದಿಲ್ಲ, ಬೇಡ ಎಂದೂ ಅಂದಿರುವುದಿಲ್ಲ. ಡಿಸೈನ್ ಕೆಲಸದವರಿಗೆ ಗೊತ್ತಿರುವ ಹಳೆಯ ಗುಟ್ಟಿನ ಜಾಹೀರಾತು ಅದೇ: ಇನ್ನೊಬ್ಬರ ಖರ್ಚಿನಲ್ಲಿ, ಇನ್ನೊಬ್ಬರ ಬೋರ್ಡಿನಲ್ಲಿ ನಮ್ಮ ನಂಬರು.

ಆದರೆ ಆ ದಾರಿಯಲ್ಲಿ ಹೋಗುವ ಜನ ಯಾವ ಫ್ಲೆಕ್ಸನ್ನೂ ನೋಡಿ ಬಂದವರಲ್ಲ. ಹರಿಹರ ತಾಲ್ಲೂಕಿನ ಅಂಚಿನಲ್ಲಿ, ತುಂಗಭದ್ರೆಯ ದಡದಲ್ಲಿರುವ ಈ ಸಣ್ಣ ಊರಿನ ಅಜ್ಜಯ್ಯನ ದೇವಸ್ಥಾನಕ್ಕೆ ಹೊರರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಅವರನ್ನು ಕರೆತಂದದ್ದು ಮನೆಯ ಜಗಲಿಯ ಮಾತು. 'ನಮ್ಮ ಅತ್ತಿಗೀನ ಕರ್ಕೊಂಡು ಹೋಗಿದ್ವಿ, ಈಗ ಆರಾಮದಾಳೆ' ಎಂದು ಒಬ್ಬರು ಹೇಳುತ್ತಾರೆ. ಕೇಳಿದವರು ಅದನ್ನು ನಂಬಲು ಕಾರಣ ಒಂದೇ: ಹೇಳಿದವರಿಗೆ ಅದರಿಂದ ಕಾಸಿನ ಲಾಭವಿಲ್ಲ. ಬಾಯಿಂದ ಬಾಯಿಗೆ ಹರಡುವ ಪ್ರಚಾರದ ಶಕ್ತಿಯೆಲ್ಲ ಈ ಒಂದು ಅಂಶದಲ್ಲಿದೆ. 'ವೈರಲ್ ಮಾರ್ಕೆಟಿಂಗ್' ಎನ್ನುವವರು ಈ ಶಕ್ತಿಯನ್ನು ವ್ಯಾಪಾರಕ್ಕೆ ಹೂಡಲು ನೋಡುತ್ತಾರೆ. ಅದನ್ನೇ ಗುಟ್ಟಾಗಿ ಮಾಡುವವರು, ಲಾಭವಿಲ್ಲದವನ ಮಾತಿನ ಹಾಗೆ ಕೇಳಿಸುವಂತೆ ಲಾಭದ ಮಾತನ್ನು ಆಡಿಸುತ್ತಾರೆ. ದಾವಣಗೆರೆಯಲ್ಲೋ ಹರಿಹರದಲ್ಲೋ ಇಬ್ಬರು ಸೇರಿ ನಡೆಸುವ ಒಂದು ಪುಟ್ಟ ಡಿಸೈನ್ ಸ್ಟುಡಿಯೋ ಗಿರಾಕಿಗಳನ್ನು ಹುಡುಕಲು ಈ ದಾರಿ ಹಿಡಿಯಬಹುದೇ, ಹಿಡಿದರೆ ಅದು ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲಬೇಕು ಎಂಬುದನ್ನು ಬಿಡಿಸಿ ನೋಡೋಣ.

ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವಿದೆ. ಅಕ್ಷರದ ಅಳತೆ, ಬಣ್ಣದ ಹದ ಬಲ್ಲ ಹುಡುಗ ಹುಡುಗಿಯರು ಊರಲ್ಲಿದ್ದಾರೆ. ಅಂಗಡಿ ತೆರೆದ ಮೇಲೆ ಅವರನ್ನು ಅಳೆಯುವುದು ಮಾತ್ರ 'ಚದರ ಅಡಿಗೆ ಎಷ್ಟು?' ಎಂಬ ಪ್ರಶ್ನೆಯಿಂದ. ಲೋಗೊ ಮಾಡಿಕೊಟ್ಟರೆ 'ಕಂಪ್ಯೂಟರಲ್ಲಿ ಹತ್ತು ನಿಮಿಷದ ಕೆಲಸ ಅಲ್ವಾ' ಎನ್ನುತ್ತಾರೆ. ಒಳ್ಳೆಯ ಡಿಸೈನ್ ಕಣ್ಣಿಗೆ ಬೀಳುವವರೆಗೆ ಅದರ ಬೆಲೆ ಯಾರಿಗೂ ಗೊತ್ತಾಗುವುದಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ಕೊಡಲು ಕೈಯಲ್ಲಿ ದುಡ್ಡಿಲ್ಲ. ಆದ್ದರಿಂದಲೇ ಅವರಿಗೆ ಬಾಯಿಮಾತಿನ ಪ್ರಚಾರದ ಆಸೆ ಹುಟ್ಟುವುದು ಸಹಜ, ನ್ಯಾಯ ಕೂಡ.

ಮೊದಲು ಲೆಕ್ಕ. ಒಂದು ಬೋರ್ಡನ್ನು 100 ಜನ ನೋಡಿದರು ಎನ್ನಿ. ಅವರಿಂದ ಹೊಸದಾಗಿ 50 ಜನಕ್ಕೆ ಸುದ್ದಿ ಹೋಯಿತು, ಆ 50ರಿಂದ 25ಕ್ಕೆ, ಹೀಗೆ ಅರ್ಧರ್ಧವಾಗುತ್ತ ಹೋದರೆ ಒಟ್ಟು 200ಕ್ಕೆ ಸುದ್ದಿ ಸತ್ತುಹೋಗುತ್ತದೆ. 100 ಜನ ಹೊಸದಾಗಿ 80 ಜನಕ್ಕೆ ಹೇಳಿದರೆ 500ರ ಹತ್ತಿರ ನಿಲ್ಲುತ್ತದೆ. 100 ಜನ 120ಕ್ಕೆ ಹೇಳಿದರೆ ಕತೆಯೇ ಬೇರೆ. ಹತ್ತು ಸುತ್ತು ಮುಗಿಯುವಷ್ಟರಲ್ಲಿ 3,200 ಜನಕ್ಕೆ ಮುಟ್ಟಿ ಇನ್ನೂ ಬೆಳೆಯುತ್ತಿರುತ್ತದೆ. ಒಬ್ಬ ಸರಾಸರಿ ಒಬ್ಬನಿಗಿಂತ ಹೆಚ್ಚು ಮಂದಿಗೆ ಹೇಳಿದಾಗಲೇ ಯಾವುದೇ ಸುದ್ದಿ ನಿಜವಾಗಿ 'ವೈರಲ್'. ಬಹಳಷ್ಟು ಪ್ರಯತ್ನಗಳು ಆ ಗೆರೆ ದಾಟುವುದಿಲ್ಲ, ಊರೂ ದೊಡ್ಡದಲ್ಲ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ, ಇಲ್ಲಿ ನಾಲ್ಕನೇ ಸುತ್ತಿಗೇ 'ಓ, ಅದಾ, ನಾನೂ ನೋಡ್ದೆ' ಎನ್ನುವವರು ಸಿಗುತ್ತಾರೆ. ಆದರೆ ಚಿಕ್ಕ ಸ್ಟುಡಿಯೋಗೆ ಲಕ್ಷ ಜನ ಬೇಕಾಗಿಯೇ ಇಲ್ಲ. ವರ್ಷಕ್ಕೆ ಇಪ್ಪತ್ತು ಒಳ್ಳೆಯ ಗಿರಾಕಿಗಳು ಸಾಕು. ಮಂಡಿಪೇಟೆ, ಚೌಕಿಪೇಟೆಯ ವ್ಯಾಪಾರಿಗಳು, ಹೊಸ ಹೋಟೆಲ್ ತೆರೆಯುವವರು, ಶಾಲೆ ನಡೆಸುವವರು, ಅಕ್ಕಿ ಗಿರಣಿಯವರು. ಇವರು ಒಬ್ಬರನ್ನೊಬ್ಬರು ಬಲ್ಲವರು. 500 ಜನರಲ್ಲಿ ನಿಲ್ಲುವ ಸುದ್ದಿ ಸರಿಯಾದ 500 ಜನರಲ್ಲಿ ನಿಂತರೆ ಸ್ಟುಡಿಯೋ ಬದುಕಿಕೊಳ್ಳುತ್ತದೆ.

ಇನ್ನು ಸುದ್ದಿ ದಾಟುವ ಬಗೆ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳ ಬಾಗಿಲುಗಳ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡದ್ದು ಹಲವರಿಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಈ ಎರಡು ಪದ ಓದಿ ಹಿಂದಿರುಗುತ್ತದೆ ಎಂಬ ನಂಬಿಕೆ. ಅದರ ಹಿಂದೆ ಯಾವ ಕಂಪನಿಯೂ ಇರಲಿಲ್ಲ. ಆದರೂ ಹರಡುವ ಸಂದೇಶಕ್ಕೆ ಬೇಕಾದದ್ದೆಲ್ಲ ಅದರಲ್ಲಿತ್ತು: ಎರಡೇ ಪದ, ಒಂದು ಚೂರು ಸೀಮೆಸುಣ್ಣ, ಯಾರು ಬೇಕಾದರೂ ಬರೆಯಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು, ಒಬ್ಬರು ಬರೆದುಕೊಂಡದ್ದೇ ಪಕ್ಕದ ಮನೆಯವರಿಗೆ ಸುದ್ದಿ. ಬಳಸುವುದೂ ಸಾರುವುದೂ ಒಂದೇ ಕ್ರಿಯೆಯಾಗಿತ್ತು.

ಅದೇ ದಶಕದಲ್ಲಿ, ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಮತ್ತು ಅವರ ಜೊತೆಗಾರ ಜ್ಯಾಕ್ ಸ್ಮಿತ್ ಅಮೆರಿಕದಲ್ಲಿ ಹಾಟ್‌ಮೇಲ್ ಶುರುಮಾಡಿದರು. 1996ರ ಜುಲೈ 4ರಂದು. ಬಳಕೆದಾರರು ಕಳಿಸುವ ಪ್ರತಿ ಪತ್ರದ ತುದಿಗೆ, ನೀವೂ ಉಚಿತ ಇಮೇಲ್ ಪಡೆಯಿರಿ ಎಂಬ ಸಾಲು ತಾನಾಗಿಯೇ ಸೇರುತ್ತಿತ್ತು. ಪತ್ರ ಬರೆಯುವವನೇ ಅರಿಯದೆ ಪ್ರಚಾರಕನಾದ. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡಿತು. ಹಾಟ್‌ಮೇಲ್‌ಗೆ ಬಂಡವಾಳ ಹಾಕಿದವರೇ 'ವೈರಲ್ ಮಾರ್ಕೆಟಿಂಗ್' ಎಂಬ ಮಾತನ್ನು ಚಾಲ್ತಿಗೆ ತಂದರು. ಬಾಗಿಲ ಮೇಲಿನ ಸೀಮೆಸುಣ್ಣದ ಬರಹಕ್ಕೂ ಪತ್ರದ ಅಡಿಯ ಆ ಸಾಲಿಗೂ ಕೆಲಸ ಮಾಡುವ ರೀತಿಯಲ್ಲಿ ವ್ಯತ್ಯಾಸವಿಲ್ಲ. ಫ್ಲೆಕ್ಸಿನ ಮೂಲೆಯ ನಂಬರೂ ಆ ಜಾತಿಯದೇ, ಆದರೆ ಅದು ದಾಟುವುದಿಲ್ಲ. ನಂಬರನ್ನು ನೋಡಿ ಯಾರೂ ಪಕ್ಕದವನಿಗೆ 'ನೋಡಿಲ್ಲಿ' ಎನ್ನುವುದಿಲ್ಲವಲ್ಲ. ಕುತೂಹಲ ಹುಟ್ಟಬೇಕು.

ಕುತೂಹಲವನ್ನು ಕಟ್ಟುವ ಕೈಚಳಕ ಕಲಿಯಲು ನಾನು ಯಾರಿಗಾದರೂ ತೋರಿಸುವುದು ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಕೆಲಸ. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರಲ್ಲಿ ಅವರು ನಿಜದ ಮೊಸಳೆಯಷ್ಟೇ ದೊಡ್ಡ ಮೊಸಳೆಯ ಪ್ರತಿಕೃತಿ ಇಟ್ಟರು. ತಗುಲಿದ ಖರ್ಚು ಸುಮಾರು 6,000 ರೂಪಾಯಿ ಎಂದು ಆಗ ವರದಿಯಾಗಿತ್ತು. ಚಿತ್ರ ಜಗತ್ತೆಲ್ಲ ಸುತ್ತಿತು, ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರ್ ಮೊದಲ ವಾರ, ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಇಳಿಯುವುದನ್ನು ದೇಶವೇ ಕಾಯುತ್ತಿದ್ದಾಗ, ಅವರ ಇನ್ನೊಂದು ವಿಡಿಯೋ ಬಂತು. ಗಗನಯಾತ್ರಿಯ ಉಡುಪಿನವನೊಬ್ಬ ಕುಳಿಗಳ ನಡುವೆ ತೇಲಿದಂತೆ ಹೆಜ್ಜೆಯಿಡುತ್ತಾನೆ. ಚಂದ್ರನೇ ಇರಬೇಕು ಅನ್ನಿಸುವಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೋ ಹಾದುಹೋಗುತ್ತದೆ. ಅದು ಬೆಂಗಳೂರಿನ ಹೇರೋಹಳ್ಳಿಯ ರಸ್ತೆ! ವಿಡಿಯೋ ಹರಡಿದ ಬೆನ್ನಿಗೇ ಪಾಲಿಕೆ ರಸ್ತೆ ರಿಪೇರಿಗೆ ಇಳಿಯಿತು. ಇಲ್ಲಿ ಗಮನಿಸಬೇಕಾದದ್ದು ಆ ಆಟೋ. ಮರೆಮಾಚಿದ್ದು ಕೆಲವೇ ಕ್ಷಣ, ತೋರಿಸಿದ್ದೂ ಅಲ್ಲೇ. ನೋಡಿದವನಿಗೆ ಮೋಸಹೋದ ಅವಮಾನವಾಗದೆ, ಗುಟ್ಟು ಬಿಡಿಸಿದ ಖುಷಿಯಾಗುತ್ತದೆ. ಆ ಖುಷಿಯನ್ನೇ ಅವನು ಇನ್ನೊಬ್ಬರಿಗೆ ದಾಟಿಸುತ್ತಾನೆ.

ನಟ-ನಿರ್ದೇಶಕ ಉಪೇಂದ್ರ 2010ರಲ್ಲಿ ತಮ್ಮ ಸಿನಿಮಾದ ಹೆಸರನ್ನೇ ಬರೆಯದೆ ಬೆರಳ ಸನ್ನೆಯೊಂದನ್ನು ಪೋಸ್ಟರಿಗೆ ಹಾಕಿದರು. 'ಸೂಪರ್' ಎಂದು ಓದಿಕೊಂಡವರು ಜನ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ 'ಪೇಸಿಎಂ' ಪೋಸ್ಟರುಗಳು ಬಂದದ್ದೂ ಇದೇ ತಂತ್ರದಿಂದ. ರಾಜಕೀಯ ಬದಿಗಿಟ್ಟು ಡಿಸೈನನ್ನಷ್ಟೇ ನೋಡಿ. ತರಕಾರಿ ಗಾಡಿಯ ಮೇಲೆ ದಿನವೂ ಕಾಣುವ ಪಾವತಿ ಸ್ಟಿಕ್ಕರಿನ ಅದೇ ನೀಲಿ, ಅದೇ ಚೌಕ; ಕ್ಯೂಆರ್ ಕೋಡಿನ ನಡುವೆ ಅಂದಿನ ಮುಖ್ಯಮಂತ್ರಿಯ ಮುಖ. ಸ್ಕ್ಯಾನ್ ಮಾಡುವುದು ಕೈಗೆ ರೂಢಿಯಾಗಿರುವ ಕ್ರಿಯೆ, ಜನ ಯೋಚಿಸುವ ಮೊದಲೇ ಫೋನ್ ತೆಗೆದರು. ಒಂದೆರಡು ದಿನದಲ್ಲಿ ಕಾಂಗ್ರೆಸ್ ನಾಯಕರು ತಾವೇ ಬೀದಿಗಿಳಿದು ಪೋಸ್ಟರ್ ಅಂಟಿಸಿ, ಇದು ನಮ್ಮದು ಎಂದರು. ಪೊಲೀಸರು ಮೊಕದ್ದಮೆಯನ್ನೂ ಹೂಡಿದರು. ಆ ಮಾತಿಗೆ ಮತ್ತೆ ಬರುತ್ತೇನೆ.

ಒಗಟು ಮತ್ತು ಸೋಗು ಎರಡೂ ಮುಚ್ಚಿಡುವ ಕೆಲಸಗಳೇ. ಒಗಟಿಗೆ ಬಿಡಿಸಿಕೊಳ್ಳುವ ಆಸೆ ಇರುತ್ತದೆ, ಸೋಗಿಗೆ ಸಿಕ್ಕಿಬೀಳುವ ಭಯ. ನಮ್ಮ ಕಡೆ ಹಗಲುವೇಷದವರು ಪೊಲೀಸನಾಗಿಯೋ ರಾಕ್ಷಸನಾಗಿಯೋ ಬೀದಿಗೆ ಬಂದು ಜನರನ್ನು ಒಂದು ಗಳಿಗೆ ಬೆಚ್ಚಿಸುತ್ತಾರೆ, ಕೊನೆಯ ದಿನ ಅವರೇ ಮನೆಮನೆಗೆ ಬಂದು ಕಾಳುಕಡಿ, ದುಡ್ಡು ಪಡೆದು ಹೋಗುತ್ತಾರೆ. ಅವರದು ಹೆಸರಿನಲ್ಲೇ ಹಗಲಿರುವ ವೇಷ. ಡಿಸೈನ್ ಸ್ಟುಡಿಯೋಗೆ ನಾನು ಇದಕ್ಕಿಂತ ಒಳ್ಳೆಯ ಗುರುಗಳನ್ನು ತೋರಿಸಲಾರೆ.

ಸೋಗಿನ ಉದಾಹರಣೆ ಬೇಕೆಂದರೆ 2002ರದ್ದಿದೆ. ಸೋನಿ ಎರಿಕ್ಸನ್ ಕಂಪನಿ ಅಮೆರಿಕದ ನಗರಗಳಲ್ಲಿ ನಟರನ್ನು ಪ್ರವಾಸಿಗರಂತೆ ಬಿಟ್ಟಿತು. 'ನಮ್ಮದೊಂದು ಫೋಟೋ ತೆಗೀತೀರಾ' ಎಂದು ಅವರು ದಾರಿಹೋಕರ ಕೈಗೆ ಹೊಸ ಕ್ಯಾಮೆರಾ ಫೋನ್ ಕೊಡುತ್ತಿದ್ದರು, ಅದರ ಗುಣಗಾನವನ್ನೂ ಮಾಡುತ್ತಿದ್ದರು. ಸಹಾಯ ಮಾಡಲು ನಿಂತ ಒಳ್ಳೆಯ ಮನುಷ್ಯನ ಒಳ್ಳೆಯತನವೇ ಅಲ್ಲಿ ಸರಕಾಯಿತು. ನಮ್ಮ ಊರಲ್ಲಿ ಇದರ ರೂಪ ಬೇರೆ: ಗೆಳೆಯರಿಂದ ಗೂಗಲ್ ಮ್ಯಾಪಿನಲ್ಲಿ ಐದು ನಕ್ಷತ್ರ ಹಾಕಿಸುವುದು, ಗಿರಾಕಿಯ ಸೋಗಿನಲ್ಲಿ ರೀಲ್ಸ್ ಮಾಡಿಸುವುದು, ದುಡ್ಡು ಕೊಟ್ಟು 'ಆಕಸ್ಮಿಕವಾಗಿ ಸಿಕ್ಕಿತು' ಎನ್ನಿಸುವುದು. ಇದು ಕಾನೂನಿಗೂ ವಿರುದ್ಧ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೊಗಳುವವರಿಗೂ ಕಂಪನಿಗೂ ನಂಟಿದ್ದರೆ ಅದನ್ನು ಹೇಳಲೇಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. 2023ರ ನವೆಂಬರ್‌ನಲ್ಲಿ ಆನ್‌ಲೈನ್ ಮೋಸದ 13 ಬಗೆಗಳನ್ನು ಪಟ್ಟಿಮಾಡಿದಾಗ ವೇಷ ಮರೆಸಿದ ಜಾಹೀರಾತೂ ಅದರಲ್ಲಿ ಸೇರಿತು. ಕಾನೂನಿಗಿಂತ ಮೊದಲು ಊರು ಹಿಡಿಯುತ್ತದೆ. ಹೊಗಳಿ ಬರೆದವನು ನಿಮ್ಮ ಅಂಗಡಿಯವನ ಭಾವಮೈದುನ ಎಂಬುದು ಚೌಕಿಪೇಟೆಯಲ್ಲಿ ಎಷ್ಟು ದಿನ ಗುಟ್ಟಾಗಿರುತ್ತದೆ?

ಈಗ ಕೆಲಸಕ್ಕೆ ಬರೋಣ. ಒಂದು ಮಾದರಿ ಹೇಳುತ್ತೇನೆ, ಅವರವರ ಕೈಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ದಾವಣಗೆರೆಯ ಸಂಜೆಗಳು ಮಂಡಕ್ಕಿ-ಮಿರ್ಚಿ ಗಾಡಿಗಳ ಸುತ್ತ ಸೇರುತ್ತವೆ. ವ್ಯಾಪಾರಿ, ವಕೀಲ, ವಿದ್ಯಾರ್ಥಿ ಎಲ್ಲರೂ ನಿಂತು ತಿನ್ನುವ ಜಾಗ, ಹತ್ತು ನಿಮಿಷ ಮಾತಾಡುವ ಜಾಗ. ಅಂಥ ಹತ್ತು ಗಾಡಿಗಳನ್ನು ಆರಿಸಿಕೊಳ್ಳಿ. ಜಯದೇವ ವೃತ್ತ, ಗುಂಡಿ ವೃತ್ತ, ರಾಂ ಅಂಡ್ ಕೋ ವೃತ್ತ ಹೀಗೆ ಬೇರೆಬೇರೆ ಕಡೆ. (ಒಂದು ಕಂಪನಿಯ ಹೆಸರು ವೃತ್ತಕ್ಕೇ ಅಂಟಿಕೊಂಡ ಊರು ಇದು. ಹೆಸರು ಜನರ ಬಾಯಲ್ಲಿ ನಿಲ್ಲುವುದೆಂದರೆ ಏನು ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ.) ಗಾಡಿಯವರ ಹತ್ತಿರ ಕೂತು, ನಿಮ್ಮ ಗಾಡಿಗೊಂದು ಬೋರ್ಡು ಬರೆದುಕೊಡುತ್ತೇವೆ, ದುಡ್ಡು ಬೇಡ, ಹತ್ತು ದಿನ ನಮ್ಮ ಹೆಸರು ಹೇಳಬೇಡಿ, ಯಾಕೆಂದರೆ ಇದು ನಮ್ಮ ಅಂಗಡಿಯ ಪ್ರಚಾರ ಎಂದು ನೇರವಾಗಿ ಹೇಳಿ. ಗಾಡಿಯವರಿಗೆ ಪೂರ್ತಿ ಗೊತ್ತಿರಬೇಕು. ಅವರು ಒಪ್ಪದಿದ್ದರೆ ಮುಂದಿನ ಗಾಡಿ.

ಬೋರ್ಡು ಫ್ಲೆಕ್ಸಿನದಾಗದೆ ತಗಡಿನ ಮೇಲೆ ಎನಾಮಲ್ ಬಣ್ಣದ ಕೈಬರಹವಾಗಲಿ. ಕಾರಣ ಎರಡು. ರಾಜ್ಯದಲ್ಲಿ 2016ರ ಮಾರ್ಚ್‌ನಿಂದ ಫ್ಲೆಕ್ಸ್ ಬ್ಯಾನರುಗಳು ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿವೆ. ದಾರಿಯುದ್ದಕ್ಕೂ ಕಂಡರೂ ಅವು ನಿಷೇಧಿತವೇ. ಇನ್ನೊಂದು, ಎಲ್ಲ ಕಡೆ ಒಂದೇ ನುಡಿ ಫಾಂಟು ನೋಡಿ ದಣಿದ ಕಣ್ಣು ಕೈಬರಹದ ಮುಂದೆ ನಿಲ್ಲುತ್ತದೆ. ಹತ್ತು ಬೋರ್ಡೂ ಬೇರೆಬೇರೆ, ಆದರೆ ಪ್ರತಿಯೊಂದರ ಮೂಲೆಯಲ್ಲಿ ಒಂದೇ ಗುರುತು: ಉದಾಹರಣೆಗೆ ಒಂದು ಕೆಂಪಿರುವೆ. ಒಂದೇ ಕಡೆ ಕಂಡರೆ ಅದು ಅಲಂಕಾರ. ಎರಡನೇ ಗಾಡಿಯಲ್ಲೂ ಕಂಡಾಗ ಪ್ರಶ್ನೆ ಏಳುತ್ತದೆ.

'ಯಾರ್ ಬರ್ಕೊಟ್ರಣ್ಣ ಇದನ್ನ?'

'ಈಗ್ಲೇ ಹೇಳ್ಬ್ಯಾಡ ಅಂದಾರಣ್ಣ. ಅಮಾಸೆ ದಿನ ಅವ್ರೇ ಹೇಳ್ತಾರಂತೆ.'

ಈ ಉತ್ತರದಲ್ಲಿ ಒಂದೂ ಸುಳ್ಳಿಲ್ಲ. ಅಮಾವಾಸ್ಯೆಯನ್ನು ಇಟ್ಟುಕೊಂಡದ್ದಕ್ಕೂ ಕಾರಣವಿದೆ. 'ಹದಿನೈದನೇ ತಾರೀಕು' ಮರೆತುಹೋಗುತ್ತದೆ. ಉಕ್ಕಡಗಾತ್ರಿಗೆ ಜನ ಹೋಗುವ ಈ ಸೀಮೆಯಲ್ಲಿ ಅಮಾವಾಸ್ಯೆ ಎಲ್ಲರ ತಲೆಯಲ್ಲಿರುವ ದಿನ. ಗುಟ್ಟು ಹತ್ತು ದಿನಕ್ಕಿಂತ ಹೆಚ್ಚು ಎಳೆಯಬಾರದು. ಕುತೂಹಲ ಹಳಸಿದರೆ ಯಾರು ಬರೆದರೇನು ಎಂಬ ಉದಾಸೀನ ಬರುತ್ತದೆ.

ಬಿಡಿಸುವ ದಿನ ಹತ್ತೂ ಬೋರ್ಡುಗಳ ಫೋಟೋ ಸೇರಿಸಿ ಒಂದೇ ಒಂದು ಸ್ಟೇಟಸ್ ಸಾಕು: ಈ ಕೆಂಪಿರುವೆ ನಮ್ಮದು, ನಾವು ಇಂಥವರು, ಇಂಥ ಬೀದಿಯಲ್ಲಿದ್ದೇವೆ, ಲೋಗೊ, ಬೋರ್ಡು, ಪ್ಯಾಕೆಟ್ಟು ಮಾಡುತ್ತೇವೆ, ದರ ಇಷ್ಟರಿಂದ ಶುರು. ದರ ಬರೆಯುವುದನ್ನು ಬಿಡಬೇಡಿ. ಕುತೂಹಲದಿಂದ ಬಂದವನು ದರ ಗೊತ್ತಿಲ್ಲದೆ ಫೋನ್ ಮಾಡಲು ಹಿಂಜರಿಯುತ್ತಾನೆ.

ಖರ್ಚು ಲೆಕ್ಕ ಹಾಕೋಣ. ತಗಡು, ಚೌಕಟ್ಟು, ಬಣ್ಣ ಸೇರಿ ಬೋರ್ಡಿಗೆ 1,200 ರೂಪಾಯಿ ಎಂದುಕೊಂಡರೆ ಹತ್ತಕ್ಕೆ 12,000. ಇಬ್ಬರ ಹತ್ತು ಸಂಜೆಯ ಕೂಲಿ ಬೇರೆ, ಅದನ್ನೂ ಪುಸ್ತಕದಲ್ಲಿ ಬರೆದಿಡಬೇಕು. 15,000ದ ಒಂದೇ ಕೆಲಸ ಸಿಕ್ಕರೆ ಬಣ್ಣದ ದುಡ್ಡು ಬಂತು. ಮೂರು ಸಿಕ್ಕರೆ ಕೂಲಿಯೂ ಬಂತು. ಇದು ತಿಳಿಯಬೇಕಾದರೆ ಫೋನ್ ಮಾಡಿದ ಪ್ರತಿಯೊಬ್ಬರಿಗೂ 'ಎಲ್ಲಿ ನೋಡಿದ್ರಿ ಸಾರ್?' ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾವ ಗಾಡಿ, ಕೊಟೇಶನ್ ಕೊಟ್ಟೆವೋ ಇಲ್ಲವೋ, ಅಡ್ವಾನ್ಸ್ ಬಂತೋ ಇಲ್ಲವೋ. ಸ್ಟೇಟಸ್ ಎಷ್ಟು ಜನ ನೋಡಿದರೆಂಬ ಸಂಖ್ಯೆಯಿಂದ ಬಾಡಿಗೆ ಕಟ್ಟಲಾಗುವುದಿಲ್ಲ.

ಗೋಡೆಗೆ ಪೋಸ್ಟರ್ ಅಂಟಿಸುವ ಆಸೆಯಾದರೆ ತಡೆದುಕೊಳ್ಳಿ. ಸಾರ್ವಜನಿಕ ಸ್ಥಳವನ್ನು ವಿರೂಪಗೊಳಿಸುವುದರ ವಿರುದ್ಧ ಕರ್ನಾಟಕದಲ್ಲಿ 1981ರಿಂದಲೂ ಕಾಯ್ದೆಯಿದೆ, ಸೆರೆವಾಸಕ್ಕೂ ಅವಕಾಶವಿದೆ. ದೊಡ್ಡ ಪಕ್ಷದ ಹಿಂದೆ ವಕೀಲರಿರುತ್ತಾರೆ, ಇಬ್ಬರ ಸ್ಟುಡಿಯೋಗೆ ಯಾರಿದ್ದಾರೆ? ಚುನಾವಣೆಯ ಹೊತ್ತಿನಲ್ಲಂತೂ ಹೆಸರಿಲ್ಲದ ಕರಪತ್ರ, ಪೋಸ್ಟರಿನ ಕೆಲಸ ಎಷ್ಟು ದುಡ್ಡು ಕೊಟ್ಟರೂ ಮುಟ್ಟಬಾರದು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಅದರ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು.

ಇನ್ನು ಭಯ. 2007ರ ಜನವರಿ 31ರಂದು ಬಾಸ್ಟನ್ ನಗರದಲ್ಲಿ ಒಂದು ಕಾರ್ಟೂನ್ ಕಾರ್ಯಕ್ರಮದ ಪ್ರಚಾರಕ್ಕೆ ಸೇತುವೆಗಳ ಬಳಿ ಸಣ್ಣ ಎಲ್‌ಇಡಿ ಫಲಕಗಳನ್ನು ಗುಟ್ಟಾಗಿ ಇಟ್ಟಿದ್ದರು. ಅವನ್ನು ಬಾಂಬ್ ಎಂದುಕೊಂಡು ರಸ್ತೆಗಳನ್ನೇ ಮುಚ್ಚಲಾಯಿತು. ಕೊನೆಗೆ ಟರ್ನರ್ ಕಂಪನಿ ಮತ್ತು ಪ್ರಚಾರದ ಏಜೆನ್ಸಿ 20 ಲಕ್ಷ ಡಾಲರ್ ತೆತ್ತವು, ಫಲಕ ಇಟ್ಟ ಇಬ್ಬರು ಬಂಧನಕ್ಕೊಳಗಾದರು. ನಮ್ಮಲ್ಲಿ ಅದಕ್ಕಿಂತ ದಾರುಣವಾದದ್ದು ನಡೆದಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿಯಿಂದ ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಜನ ಅಮಾಯಕರನ್ನು ಹೊಡೆದು ಕೊಂದರು. ಆ ಜುಲೈನಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆಗೆ ಕಳಿಸುವ ಮಿತಿ ತಂದಿತು. ಯಾರು ಹೇಳಿದರು ಎಂಬುದು ಗೊತ್ತಿಲ್ಲದ ಮಾತು ನಮ್ಮ ಊರುಗಳಲ್ಲಿ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದು ಕಂಡ ಮೇಲೆ, ರೋಗ, ಸಾವು, ಕಳವು, ಮಗು, ದೆವ್ವ ಇವುಗಳ ಸುತ್ತ ಒಗಟು ಕಟ್ಟುವ ಹಕ್ಕು ಯಾವ ಡಿಸೈನರಿಗೂ ಇಲ್ಲ ಎಂದು ನಾನು ನಂಬಿದ್ದೇನೆ. 2024ರ ಫೆಬ್ರುವರಿಯಲ್ಲಿ ನಟಿ ಪೂನಂ ಪಾಂಡೆ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತರೆಂದು ಸುದ್ದಿ ಮಾಡಿ, ಮರುದಿನ ಬದುಕಿದ್ದೇನೆ ಎಂದಾಗ, ಅದರಲ್ಲಿ ಕೈಜೋಡಿಸಿದ್ದ ಡಿಜಿಟಲ್ ಏಜೆನ್ಸಿ ಬಹಿರಂಗ ಕ್ಷಮೆ ಕೇಳಬೇಕಾಯಿತು. ಜಾಗೃತಿಯ ಉದ್ದೇಶವಿತ್ತು ಎಂದರೂ, ಅದೇ ಕಾಯಿಲೆಯಿಂದ ಮನೆಯವರನ್ನು ಕಳೆದುಕೊಂಡವರ ನೋವಿಗೆ ಅದು ಉತ್ತರವಾಗಲಿಲ್ಲ.

ಉಕ್ಕಡಗಾತ್ರಿಯಲ್ಲಿ ಹೀಗೆ ಭಯವನ್ನು ಸರಕಾಗಿಸುವುದು ಕಣ್ಣೆದುರೇ ಇದೆ. ಗಾಳಿ ಹಿಡಿದಿದೆ, ಮೈಮೇಲೆ ಬಂದಿದೆ ಎಂದು ಮನೆಯವರು ಕರೆತಂದ ಹೆಣ್ಣುಮಕ್ಕಳು ಅಂಗಳದಲ್ಲಿ ಕೂದಲು ಬಿಚ್ಚಿ ಉರುಳುವುದನ್ನು ಮೊಬೈಲಿನಲ್ಲಿ ಹಿಡಿದು ರೀಲ್ಸ್ ಮಾಡುವವರಿದ್ದಾರೆ. ಅದು ಬೇಗ ಹರಡುತ್ತದೆ, ಯಾಕೆಂದರೆ ಭಯ ಹರಡುತ್ತದೆ. ಆ ಮುಖಗಳು ಯಾರ ಪ್ರಚಾರಕ್ಕೂ ಸರಕಲ್ಲ. ಆ ಚಿತ್ರವನ್ನು ಮುಟ್ಟದಿರುವುದು ಸ್ಟುಡಿಯೋದ ಮೊದಲ ಕರಾರಾಗಲಿ. ಅಲ್ಲಿ ಮಾಡಬಹುದಾದ ಬೇರೆ ಕೆಲಸವಿದೆ. ಮಳೆಗಾಲದಲ್ಲಿ ತುಂಗಭದ್ರೆ ಏರಿದಾಗ ಉಕ್ಕಡಗಾತ್ರಿ-ಫತ್ತೇಪುರ ರಸ್ತೆ ಮುಳುಗುವುದು ಪ್ರತಿ ಸಲದ ಸುದ್ದಿ. ಸ್ನಾನಘಟ್ಟದಲ್ಲಿ ಎಲ್ಲಿಯವರೆಗೆ ಇಳಿಯಬಹುದು, ರಸ್ತೆ ಮುಳುಗಿದರೆ ಸುತ್ತುದಾರಿ ಯಾವುದು, ಕೊನೆಯ ಬಸ್ಸು ಎಷ್ಟಕ್ಕೆ ಎಂದು ಓದು ಬಾರದವರಿಗೂ ಅರ್ಥವಾಗುವ ಚಿತ್ರಫಲಕ ಬೇಕು. ದೇವಸ್ಥಾನದ ಆಡಳಿತ ಮತ್ತು ಪಂಚಾಯಿತಿಯ ಒಪ್ಪಿಗೆ ಪಡೆದು ಅದನ್ನು ಮಾಡಿಕೊಡಿ, ಆದರೆ ಅಲ್ಲಿ ಕೆಂಪಿರುವೆಯ ಆಟ ಬೇಡ. ನೀರು, ವಿದ್ಯುತ್ತು, ಔಷಧ, ರಸ್ತೆ ಇವುಗಳ ಬಗೆಗಿನ ಮಾಹಿತಿಯ ಕೆಳಗೆ ಯಾರು ಹೇಳುತ್ತಿದ್ದಾರೆ, ಯಾವಾಗ ಹೇಳಿದ್ದು ಎಂಬುದು ಮೊದಲ ದಿನದಿಂದಲೇ ಇರಬೇಕು.

ಗಾಡಿಗಳ ವಿಷಯದಲ್ಲಿ ಒಂದು ಕೆಲಸ ಬಾಕಿ ಉಳಿಯುತ್ತದೆ. ಎಣ್ಣೆಯ ಹೊಗೆ, ಬಿಸಿಲು, ಒಂದು ಮಳೆಗಾಲ ಕಳೆದರೆ ಬೋರ್ಡಿನ ಬಣ್ಣ ಮಾಸುತ್ತದೆ. ಮಾಸಿದ ಬೋರ್ಡೂ ನಿಮ್ಮದೇ ಎಂದು ಈಗ ಊರಿಗೆ ಗೊತ್ತು. ದಸರೆಯ ಮುಂಚೆ ಒಮ್ಮೆ ಹೋಗಿ ಹತ್ತಕ್ಕೂ ಮತ್ತೆ ಬಣ್ಣ ಹಚ್ಚಿಕೊಡಿ, ಬೆಲೆ ಬದಲಾಗಿದ್ದರೆ ತಿದ್ದಿಕೊಡಿ. ಈ ಸಲ ಇರುವೆಯ ಪಕ್ಕದಲ್ಲಿ ಅಂಗಡಿಯ ಹೆಸರನ್ನೂ ಬರೆಯಿರಿ, ನಿಂತು ತಿನ್ನುವವರಿಗೆ ಕನ್ನಡಕ ಹುಡುಕದೆ ಓದಲು ಬರುವಷ್ಟು ದೊಡ್ಡದಾಗಿ.